ಇಪ್ಪತ್ತೆರಡೂವರಿ ಡಿಗ್ರಿ

ಗಯಾಸ ಮಿಸ್ತ್ರಿಗೆ ಶಹಾಪುರದಾಗ ಬಡಗಿ ಕೆಲಸಕ್ಕ ದೊಡ್ಡ ಹೆಸರಿತ್ತು, ಸಂಶಯಕ್ಕ ಅದಕ್ಕಿಂತ ದೊಡ್ಡ ಹೆಸರಿತ್ತು. ಹಾಲಿನ್ಯಾಗ ನೀರು ಬೆರಸ್ಯಾರ ಅಂತ ಎಲ್ಲಾರೂ ನೋಡತಾರ. ಇವ ನೀರಿನ್ಯಾಗೂ ಏನೋ ಬೆರಸ್ಯಾರ ಅಂತ ಮೂಸಿ ನೋಡಾಂವ. ಅಂಗಡ್ಯಾಂವ ಒಂದು ಡಬ್ಬಿ ಸ್ಕ್ರೂ ಕೊಟ್ರ ಎಣಿಸತಿದ್ದ. ಒಂದು ಕಡಿಮಿ ಬಂದ್ರ ಜಗಳ ತಗೀತಿದ್ದ, ಒಂದು ಹೆಚ್ಚು ಬಂದ್ರ ಇನ್ನಾ ಗಾಬರಿ ಆಗತಿದ್ದ: ಇವ ಯಾಕ ಹೆಚ್ಚ ಕೊಟ್ಟ, ಇದರಾಗ ಇವಂದೇನು ಮತಲಬ್ ಅದ? ಹೇಣ್ತಿ ಜೈತುನಬೀ ಮೂವತ್ತು ವರ್ಷ ಇದನ್ನೆಲ್ಲಾ ಕಂಡು ಸಾಕಾಗಿದ್ಲು. "ನಿಮ್ಮ ತೆಲಿಯೊಳಗ ಒಬ್ಬ ಪೊಲೀಸ್ ಕುಂತಾನ್ರಿ. ಅವನ್ನ ಒಂದಿನ ಆದ್ರೂ ರಜಾ ಮ್ಯಾಲ ಕಳಸ್ರಿ," ಅಂತಿದ್ಲು.

ಇರ್ಲಿ, ಸ್ಕ್ರೂ ಎಣಿಸೋದ್ರಿಂದ ಯಾರ ಮನಿ ಮುರೀತದ? ಯಾರದೂ ಇಲ್ಲ. ಆ ಪೊಲೀಸ ಮನಿ ಅಳಿಯನ ಬೆನ್ನ ಹತ್ತಿದ ನೋಡ್ರಿ, ಅಲ್ಲಿಂದ ಕತಿ ಕೆಟ್ಟಿತು.

ಅಳಿಯನ ಹೆಸರು ಏಜಾಜ. ಗಯಾಸನ ಒಬ್ಬಾಕೇ ಮಗಳು ನುಜ್ಹತನ ಗಂಡ. ಮೊದಲ ಯಾದಗಿರ್ಯಾಗ ವಿಶ್ವರಾಧ್ಯ ಅನ್ನೋರ ಫರ್ನಿಚರ್ ಕಾರಖಾನ್ಯಾಗ ಸಿಎನ್‌ಸಿ ರೂಟರ್ ನಡಸತಿದ್ದ. ಅಂದ್ರ, ಕಂಪ್ಯೂಟರಿನ್ಯಾಗ ಗೆರಿ ಹೊಡದು ಕೊಟ್ರ ಸಾಕು, ತಿರಗೋ ಬಿಟ್ ಆ ಗೆರಿ ಹಿಡದು ತಾನಾಗೇ ಕಟಗಿ ಕೊಯ್ಕೊಂತ ಹೋಗೋ ಮಷೀನು. ಎರಡು ವರ್ಷದ ಹಿಂದ ಗಯಾಸನ ಬಲಗೈ ರಟ್ಟಿ ಹಿಡಕೊಂತು. ದಿನಗಟ್ಲೆ ಗರಗಸ ಎಳಿಯೋದು ಆಗದಂಗಾತು. ಆಗ ತಾನೇ ಯಾದಗಿರಿಗೆ ಹೋಗಿ ಅಳಿಯನ ಮುಂದ ಕುಂತು, "ಬರ್ರಿ ಏಜಾಜ ಮಿಯಾ, ಮಷೀನ್ ಹಾಕೋಣು, ಅಂಗಡಿ ನಿಮ್ದೇ ಅದ," ಅಂದ. ಅಳಿಯಾಗ ನೀವು ಅನ್ನೋದು ಅವರ ಮನಿ ರಿವಾಜು.

ಮಾವನ ಮನ್ಯಾಗ ಹೋಗಿ ಇರೋದಂದ್ರ ಯಾವ ಗಂಡಸಿಗೆ ಸೇರತದ? ಮಂದಿ ನಗತಾರ. ಏಜಾಜ ಒಂದು ತಿಂಗಳು ವಿಚಾರ ಮಾಡಿದ. ಕಡೀಕ ಹೂಂ ಅಂದ. ಆದ್ರ ಬರೋಕಿಂತ ಮೊದಲ ನುಜ್ಹತ ಅಪ್ಪನ್ನ ಒಂದು ಕಡಿ ಕರದು ಸ್ಪಷ್ಟ ಹೇಳಿದ್ಲು: "ಅಬ್ಬಾ, ಬ್ಯಾರೆ ಮಂದೀನ್ನ ನೋಡಿದಂಗ ಇವರನ್ನ ನೋಡಬ್ಯಾಡ್ರಿ. ಇವರ ಮ್ಯಾಲ ಒಂದು ಖೊಟ್ಟಿ ಮಾತು ಬಂದ್ರ ನಾ ಆ ದಿನಾನೇ ಗಂಟು ಕಟ್ಟತೀನಿ."

"ತೋಬಾ ತೋಬಾ, ನಾ ಹಂಗ್ಯಾಕ ಅಂತೀನವ್ವಾ?" ಅಂದಿದ್ದ ಗಯಾಸ.

ಮನಿ ಮ್ಯಾಲ ಎರಡು ಖೋಲಿ ಕಟ್ಟಿಸಿಕೊಟ್ಟ. ಮುಂಜಾನಿ ಮಗಳು ಮ್ಯಾಲ ಓಡಾಡೋ ಸಪ್ಪಳ ಕೆಳಗ ಕೇಳತಿತ್ತು. ಆ ಸಪ್ಪಳ ಕೇಳಿದ್ರ ಗಯಾಸಗ ಚಾ ರುಚಿ ಹತ್ತತಿತ್ತು. ಮದಿವಿ ಮಾಡಿ ಕೊಟ್ಟ ಮಗಳು ಮತ್ತ ಮನ್ಯಾಗ ಸಿಕ್ಕಾಳಂದ್ರ ಅಪ್ಪಗ ಇನ್ನೇನು ಬೇಕು?

ಅಂಗಡಿ ಮನಿಗೆ ಹತ್ತೇ ಹೆಜ್ಜಿ. ಬಾಗಲಕ್ಕ ಎರಡು ಚಾವಿ, ಒಂದು ಮಾವಂದು, ಒಂದು ಅಳಿಯಂದು. ಮುಂಜಾನಿ ನಮಾಜ್ ಮುಗಿಸಿ ಬಾಗಲ ತೆಗಿಯಾಂವ ಗಯಾಸ. ಕಸ ಹೊಡದು, ನಿನ್ನಿ ಕೊಯ್ದಿಟ್ಟ ಹಲಗಿ ಒಂದೊಂದ ಎತ್ತಿ ಬಿಸ್ಮಿಲ್ಲಾ ಅಂತ, ಕಟಗಿ ಕೀಸಿ ನುಣ್ಣಗ ಮಾಡೋ ರಂದಾ ಅಂಚಿಗೆ ಒಂದೊಂದು ಸಲ ಎಳದು, ಆ ತೆಳ್ಳನ ಸುರಳಿ ಹೊಟ್ಟು ಲೋಬಾನದಾನಿಯೊಳಗ ಹಾಕಿ ಹೊಗಿ ಹಾಕತಿದ್ದ. ಅವಂಗ ಕೆಲಸ ಕಲಿಸಿದ ವನದುರ್ಗದ ಯಂಕಣ್ಣ ಬಡಿಗ್ಯಾರು ಹಾಕಿಕೊಟ್ಟ ಪದ್ಧತಿ ಅದು. ಮಿಲ್ಲಿನಿಂದ ಬಂದ ಕಟಗಿಗೆ ಕೈ ಆಡಸದೇ ಮನಿಗೆ ಕಳಸಬಾರದು ಅನ್ನಾಂವ ಮುದುಕ. ಯಂಕಣ್ಣ ಊದಿನಕಡ್ಡಿ ಹಚ್ಚತಿದ್ದ, ಇವ ಲೋಬಾನ ಹಾಕತಿದ್ದ, ಅಷ್ಟೇ ಫರಕು. ಇದೆಲ್ಲಾ ಮುಗದು, ಚಾ ಕುಡದು, ಒಂಬತ್ತರ ಸುಮಾರ ಏಜಾಜ ಬರೋ ಹೊತ್ತಿಗೆ ಗಯಾಸ ಖುರ್ಚಿ ಮ್ಯಾಲ ಕುಂತಿರತಿದ್ದ. ಆಮ್ಯಾಲ ಇಡೀ ದಿನ ಮಷೀನಿಂದೇ ದರ್ಬಾರು.

ಹಿಂಗ ನಡದಿತ್ತು. ಆಗ ಬಂತು ನೋಡ್ರಿ ಸುರಪುರದ ಶಾಂತಪ್ಪ ಸಾವ್ಕಾರನ ಕೆಲಸ.

ಶಾಂತಪ್ಪ ಹೊಸಾ ಮನಿ ಕಟ್ಟಿಸಿದ್ದ. ಪಡಸಾಲ್ಯಾಗ ಎಂಟು ಸಿಮೆಂಟ್ ಕಂಬ. ಅವುಗಳಿಗೆ ಸಾಗವಾನಿ ಹಲಗಿ ಸುತ್ತಿ, ಹಳೀ ವಾಡೇದಾಗ ಇರತಾವಲ್ಲ, ಹಂಗ ಎಂಟು ಮೂಲಿ ಕಂಬ ಮಾಡಿಕೊಡಬೇಕು. ಒಂದೊಂದು ಕಂಬಕ್ಕ ಎಂಟು ಹಲಗಿ, ಐದು ಇಂಚು ಅಗಲ, ಒಂದು ಇಂಚು ದಪ್ಪ. ಹಲಗಿಯ ಎರಡೂ ಅಂಚು ಓರೆ ಕೊಯ್ಬೇಕು, ಕಡಕ್ ಇಪ್ಪತ್ತೆರಡೂವರಿ ಡಿಗ್ರಿ. ಹಂಗ ಕೊಯ್ದ ಎಂಟು ಹಲಗಿ ಒಂದಕ್ಕೊಂದು ಹಚ್ಚಿ ಪಟ್ಟಾ ಬಿಗದ್ರ ಮುಟಗಿ ಮುಚ್ಚಿದಂಗ ಮುಚ್ಚಕೋತಾವ. ಒಂದೊಂದು ಅಂಚು ಅರ್ಧ ಡಿಗ್ರಿ ತಪ್ಪಿತೋ, ಹದಿನಾರು ಅಂಚಿಗೆ ಎಂಟು ಡಿಗ್ರಿ ತಪ್ಪತದ, ಕಡೀ ಸಂದು ಬಾಯಿ ತಗದು ನಿಂದರತದ. ಇದು ಕೂಸಿಗೂ ತಿಳಿಯೋ ಲೆಕ್ಕ.

ಏಜಾಜ ಓರೆ ಅಂಚು ಕೊಯ್ಯೋ ಚೂಪು ಬಿಟ್ ಹಾಕಿ ಮೊದಲಿನ ಎಂಟು ಹಲಗಿ ಸಂಜಿಕ ಕೊಯ್ದು ಇಟ್ಟ. ಮರುದಿನ ಹತ್ತು ಗಂಟೆಕ ಶಾಂತಪ್ಪನ್ನ ಕರೆಸಿ, ಅವನ ಮುಂದೇ ಹಲಗಿ ನಿಂದರಿಸಿ, ಪಟ್ಟಾ ಬಿಗದ್ರು. ಏಳು ಸಂದು ಕೂತವು. ಎಂಟನೇದು ಬಾಯಿ ತಗದು ನಿಂತಿತು. ಹೆಬ್ಬೆರಳು ಹೋಗೋವಷ್ಟು.

"ಇದೇನ್ರಿ ಮಿಸ್ತ್ರಿ?" ಅಂದ ಶಾಂತಪ್ಪ. "ಮಷೀನಿಂದು ಕೂದಲೆಳಿ ತಪ್ಪಂಗಿಲ್ಲ ಅಂದಿದ್ರಿ. ಇದರಾಗ ನಮ್ಮ ಬೆಕ್ಕು ಹೋಗತದಲ್ಲ."

ಗಯಾಸನ ಮಾರಿ ಕೆಂಪಗಾತು. ಮೂವತ್ತೈದು ವರ್ಷದಾಗ ಗಿರಾಕಿ ಬೆರಳು ಹಾಕಿ ತೋರಿಸೋ ಸಂದು ಅವನ ಅಂಗಡ್ಯಾಗ ಬಂದಿರಲಿಲ್ಲ. ಏಜಾಜನ ಕಡಿ ನೋಡಿದ. ಏಜಾಜ ಕೋನ ತೋರಸೋ ಮೀಟರ್ ಹಿಡದು ಹಲಗಿ ಅಂಚು ನೋಡಾಕತ್ತಿದ್ದ, ಮಾರಿ ಮ್ಯಾಲ ಬಣ್ಣಿಲ್ಲ.

"ನಿನ್ನಿ ಸರಿ ಇತ್ತು ಮಾಮು. ನಾ ಒಂದೊಂದ ನೋಡಿ ಇಟ್ಟಿದ್ದೆ," ಅಂದ.

"ನಿನ್ನಿ ಸರಿ ಇದ್ದದ್ದು ಇವತ್ತ ಹ್ಯಾಂಗ ತಪ್ಪತದ? ಕಟಗಿ ಎದ್ದು ಓಡಾಡತದೇನು?"

ಮತ್ತ ಎಂಟು ಕೊಯ್ದ್ರು. ಮತ್ತ ಹಂಗೇ. ಎರಡನೇ ಸಲ ಶಾಂತಪ್ಪ ಚಾಷ್ಟಿ ಮಾಡಲಿಲ್ಲ. ವಾಸ್ತುಶಾಂತಿಗೆ ಹದಿನೆಂಟು ದಿನ ಉಳದಾವ, ಇನ್ನೊಂದು ಸಲ ನೋಡತೀನಿ, ಆಗಲಿಲ್ಲಂದ್ರ ಯಾದಗಿರಿ ವಿಶ್ವರಾಧ್ಯಗ ಕೊಡತೀನಿ ಅಂತ ಹೇಳಿ ಹೋದ.

ವಿಶ್ವರಾಧ್ಯ! ಆ ಹೆಸರು ಕಿವಿಗೆ ಬಿತ್ತು ನೋಡ್ರಿ, ತೆಲಿಯೊಳಗಿನ ಪೊಲೀಸ ಟೋಪಿ ಹಾಕಿಕೊಂಡು ಎದ್ದು ನಿಂತ. ಏಜಾಜ ಹತ್ತು ವರ್ಷ ಅವನ ಉಪ್ಪು ತಿಂದಾಂವ. ಇಲ್ಲಿ ಕೆಲಸ ಕೆಟ್ರ ಯಾರಿಗೆ ಲಾಭ? ಅವಂಗೇ. ಕೆಡಸೋದು ಯಾರ ಕೈಯಾಗ ಅದ? ಇವನ ಕೈಯಾಗೇ. ಇಷ್ಟು ಕೂಡಸಾಕ ಗಯಾಸಗ ಒಂದು ಬೀಡಿ ಸೇದೋ ಹೊತ್ತೂ ಬೇಕಾಗಲಿಲ್ಲ.

ಅಂದಿನಿಂದ ಅಳಿಯ ಕೆಮ್ಮಿದ್ರೂ ಇವಂಗ ಏನೋ ಇಶಾರೆ ಅನಿಸಾಕತ್ತಿತು. ಏಜಾಜಗ ಫೋನ್ ಬರತಿತ್ತು. ಬಂದ ಕೂಡ್ಲೆ ಹೊರಗ ಬೇವಿನ ಗಿಡದ ಕೆಳಗ ಹೋಗಿ ಸಣ್ಣ ದನಿಲೆ ಮಾತಾಡತಿದ್ದ. ಯಾಕ, ಒಳಗ ಮಾತಾಡಿದ್ರ ಏನಾಗತದ? ಮಷೀನ್ ಸಪ್ಪಳ ಅದ, ಕೇಳಸಂಗಿಲ್ಲ ಅಂತ ಯಾರಾದ್ರೂ ಅಂದಾರು. ಆದ್ರ ಮಷೀನ್ ಬಂದ್ ಇದ್ದಾಗೂ ಹೋಗತಿದ್ನಲ್ಲ? ಒಂದಿನ ಗಯಾಸ ನೀರು ಕುಡಿಯೋ ನೆವ ಮಾಡಿ ಕಿಟಕಿ ಹತ್ರ ನಿಂತ. "...ಇಲ್ಲಣ್ಣಾರ, ಅವರಿಗೆ ಗೊತ್ತಾಗಬಾರದ್ರಿ... ಅರ್ಧ ಡಿಗ್ರಿ ಅಷ್ಟೇ ಸಾಕಾಗತದ..." ಅನ್ನೋದು ಕಿವಿಗೆ ಬಿತ್ತು.

ಕೈಯಾಗಿನ ಗಿಲಾಸು ಹಂಗೇ ನಿಂತಿತು. ಇನ್ನೇನು ಬೇಕ್ರಿ ಸಾಕ್ಷಿ?

ಆದ್ರೂ ಬಾಯಿ ಬಿಡಲಿಲ್ಲ. ಮಗಳಿಗೆ ಕೊಟ್ಟ ಮಾತು ಗಂಟಲದಾಗ ಸಿಕ್ಕೊಂಡಿತ್ತು. ಹಲಗಿ ತಿರಿವಿ ತಿರಿವಿ ನೋಡಿದ. ಹಿಂದಿನ ಮಗ್ಗಲಿಗೆ ಪೆನ್ಸಿಲ್‌ನ್ಯಾಗ ಸಣ್ಣ ಅಕ್ಷರ: ಸಂ 22.5, ಮು 22. ಒಂದೊಂದು ಹಲಗಿಗೂ ಹಿಂಗೇ. ಇದು ಯಾರಿಗೆ ಬರದ ಚೀಟಿ? ಸಂ ಅಂದ್ರ ಏನು, ಮು ಅಂದ್ರ ಏನು? ಅಂದು ಗಯಾಸ ಸರಿಯಾಗಿ ಊಟ ಮಾಡಲಿಲ್ಲ. ಜೈತುನಬೀ ಮುಂದ ಹೇಳಿದ್ರ ಅಕಿ ರೊಟ್ಟಿ ಬಡಿಯೋ ಕೈ ನಿಂದರಿಸಿ, "ಸಂಜಿ, ಮುಂಜಾನಿ ಇರಬೇಕ್ರಿ. ಅದಕ್ಯಾಕ ಇಷ್ಟು ಒದ್ದಾಡತೀರಿ? ಅವರನ್ನೇ ಕೇಳ್ರಿ," ಅಂದ್ಲು.

"ಕಳ್ಳಗ ಕೇಳಿದ್ರ ಕದ್ದೀನಿ ಅಂತಾನೇನು?"

"ಅಳಿಯಾಗ ಕಳ್ಳ ಅಂದ್ರಿ," ಅಂದ್ಲು ಜೈತುನಬೀ. ಅಕಿ ದನಿ ಬದಲಾಗಿತ್ತು. "ನನ್ನ ಮುಂದ ಅಂದ್ರಿ, ಆತು. ಮ್ಯಾಲ ಕೇಳಿದ್ರ ನನ್ನ ಮಗಳು ಹೋಗತಾಳ. ನಾಲಿಗಿ ಹಿಡಕೋರಿ, ನಿಮ್ಮ ಕಾಲ ಬೀಳತೀನಿ."

ಎರಡು ದಿನ ಹಿಡಕೊಂಡ. ಮೂರನೇ ದಿನ ಏಜಾಜ ಮತ್ತ ಎಂಟು ಹಲಗಿ ಮಷೀನಿಗೆ ಹಾಕಿದ. ಅವತ್ತ ಅವ ಗಯಾಸನ್ನ ಖುರ್ಚಿಯಿಂದ ಎಬ್ಬಿಸಿ, "ಮಾಮು, ನೀವು ಮನ್ಯಾಗ ಆರಾಮ ಮಾಡ್ರಿ, ನಾ ಎಲ್ಲಾ ನೋಡಕೋತೀನಿ," ಅಂದ. ಬಡ್ಡಿಮಗಂದು, ಇಷ್ಟು ದಿನ ಇಲ್ಲದ ಪ್ರೀತಿ ಇವತ್ತ ಯಾಕ ಉಕ್ಕಿತು? ಗಯಾಸ ಮನಿಗೆ ಹೋದಂಗ ಮಾಡಿ, ನಾಕು ಗಂಟೆಕ ಏಜಾಜ ಅಸರ್ ನಮಾಜಿಗೆ ಹೋಗಿದ್ದನ್ನ ನೋಡಿ, ಅಂಗಡಿಗೆ ಬಂದ.

ಕಡೀ ಹಲಗಿ ಇನ್ನಾ ಮಷೀನಿನ ಮ್ಯಾಲೇ ಇತ್ತು. ಬಗ್ಗಿ ನೋಡಿದ. ಹಲಗಿಯ ಕಡೀಕ ಕೊಯ್ದ ಅಂಚಿನ ಕೆಳಗ ಉದ್ದೂಕ ಒಂದು ಮೈಕಾ ಪಟ್ಟಿ ತುರುಕಿತ್ತು. ಕಪಾಟಿನ ಮ್ಯಾಲ ಅಂಟಸೋ ಅದೇ ಮೈಕಾ, ಒಂದು ಮಿಲಿಮೀಟರ್ ದಪ್ಪ. ಗಯಾಸ ಏನು ಹುಡುಗಾಟದ ಬಡಗಿ ಅಲ್ಲ. ನೋಡಿದ ಕೂಡ್ಲೆ ತಿಳೀತು. ಕೊಯ್ಯೋ ಕಡಿ ಹಲಗಿ ಒಂದು ಮಿಲಿಮೀಟರ್ ಎತ್ತರ ಆದ್ರ ಬಿಟ್ ನೆಟ್ಟಗೇ ಹೋಗತದ, ಆದ್ರ ಕೋನ ಅರ್ಧ ಡಿಗ್ರಿ ತಪ್ಪತದ. ಅರ್ಧ ಡಿಗ್ರಿ! ಬೇವಿನ ಗಿಡದ ಕೆಳಗಿನ ಮಾತು! ಮೀಟರ್ ಹುಡುಕಿ ತಂದು ಹಚ್ಚಿ ನೋಡಿದ. ಇಪ್ಪತ್ಮೂರು. ಎಂಟೂ ಹಲಗಿ, ಹದಿನಾರೂ ಅಂಚು, ಇಪ್ಪತ್ಮೂರು.

ಏಜಾಜ ನಮಾಜ್ ಮುಗಿಸಿ ಬರೋದಕ್ಕೂ, ಶಾಂತಪ್ಪ ಕಂಬದ ಕತಿ ಏನಾತು ಅಂತ ಕೇಳಾಕ ಗಾಡಿ ಇಳಿಯೋದಕ್ಕೂ ಸರಿ ಹೋತು. ಗಯಾಸಗ ಇನ್ನ ತಡಿಲಿಕ್ಕಾಗಲಿಲ್ಲ. ಪಟ್ಟಿ ಎತ್ತಿ ಹಿಡದ.

"ಏನಿದು?"

ಏಜಾಜ ಪಟ್ಟಿ ನೋಡಿದ, ಶಾಂತಪ್ಪನ್ನ ನೋಡಿದ. "ಮಾಮು, ಆಮ್ಯಾಲ ಹೇಳತೀನಿ."

"ಈಗ ಹೇಳು! ಯಾರು ಕಲಿಸಿ ಕೊಟ್ರು ನಿನಗ ಇದನ್ನ? ಆ ಯಾದಗಿರ್ಯಾಂವನಾ? ನನ್ನ ಅಂಗಡ್ಯಾಗ ಕುಂತು, ನನ್ನ ಮನಿ ಅನ್ನ ಉಂಡು, ನನಗೇ ಗುಂಡಿ ತೋಡಾಕತ್ತೀ?"

ನೀನು ಅಂದಿದ್ದ. ಎರಡು ವರ್ಷದಾಗ ಮೊದಲನೇ ಸಲ. ಅದೂ ಮೂರನೇ ಮನಷ್ಯಾನ ಮುಂದ. ಏಜಾಜನ ಗದ್ದ ಅದರಿತು. ಆದ್ರ ದನಿ ಏರಿಸಲಿಲ್ಲ.

"ಮಾಮು, ಆ ಎಂಟು ಹಲಗಿ ನಾಳಿ ಮುಂಜಾನಿ ತನಕ ಇಡ್ರಿ. ದಿನಾ ಇಟ್ಟಂಗ ಇಡ್ರಿ. ಹತ್ತು ಗಂಟೆಕ ಪಟ್ಟಾ ಬಿಗದು ನೋಡ್ರಿ. ಆಮ್ಯಾಲ ನೀವು ಏನಂದ್ರೂ ಕೇಳತೀನಿ."

"ನಾಳಿ ತನಕ ಯಾಕ? ಅಷ್ಟರಾಗ ಇನ್ನೇನು ಆಟ ಆಡಾಂವ ಇದ್ದೀ?"

ಏಜಾಜ ಕಿಸೆದಾಗಿನ ಚಾವಿ ತಗದು ಮಷೀನಿನ ಮ್ಯಾಲ ಇಟ್ಟ. ಶಾಂತಪ್ಪಗ ಕೈ ಮುಗದ. ಹೊರಗ ಹೋದ. ಶಾಂತಪ್ಪ ಗಂಟಲಾ ಸರಿ ಮಾಡ್ಕೊಂಡು, "ಮನಿ ಮಾತು ಮನ್ಯಾಗ ಬಗಿಹರಿಸ್ಕೋಬೇಕ್ರಿ ಮಿಸ್ತ್ರಿ. ನಾ ನಾಕು ದಿನ ನೋಡತೀನಿ," ಅಂದು ತಾನೂ ಹೊಂಟ. ಗಯಾಸ ಆ ಎಂಟು ಹಲಗಿ ಕಾಲಿಲೇ ಮೂಲಿಗೆ ದೂಡಿದ.

ಒಂದು ತಾಸು ಆಗಿರಲಿಲ್ಲ, ನುಜ್ಹತ ಬ್ಯಾಗ್ ಹಿಡಕೊಂಡು ಕೆಳಗ ಇಳದ್ಲು. ಅವ್ವನ್ನ ತಬ್ಬಿಕೊಂಡು ಅತ್ಲು. ಅಪ್ಪನ್ನ ನೋಡಲಿಲ್ಲ. ಗಯಾಸ ಬಾಗಲದಾಗ ನಿಂತಿದ್ದ. ಏನಾದ್ರೂ ಅಂತಾಳ, ಬೈತಾಳ ಅಂತ ಕಾದ. ಬೈದಿದ್ರ ಚಲೋ ಇತ್ತು. ಅಕಿ ಬೈಲಿಲ್ಲ. ಆಟೋ ಹತ್ತಿದ್ಲು.

"ತಂಪಾತಾ ನಿಮಗ?" ಅಂದ್ಲು ಜೈತುನಬೀ. ಅದೊಂದೇ ಮಾತು ಅಂದ್ಲು, ಆಮ್ಯಾಲ ಅವನ ಕೂಡ ಮಾತು ಬಿಟ್ಲು.

ಮರುದಿನ ಗಯಾಸ ಭೀಮರಾಯನಗುಡಿ ಕಡಿಂದ ಬಾಲರಾಜ ಅನ್ನೋ ಮಷೀನ್ ಆಪರೇಟರನ್ನ ಕರಕೊಂಡು ಬಂದ. ಬಾಲರಾಜ ಬಿಟ್ ನೋಡಿದ, ಫೈಲ್ ನೋಡಿದ, ಮಷೀನಿನ ಮ್ಯಾಲ ನೀರಮಟ್ಟ ಇಟ್ಟು ನೋಡಿದ. ಯಾವ ಪಟ್ಟಿನೂ ಇಲ್ಲದ ಎಂಟು ಹಲಗಿ ಕೊಯ್ದು, ಗಯಾಸನ ಕಣ್ಣ ಮುಂದ ಒಂದೊಂದಕ್ಕೂ ಮೀಟರ್ ಹಚ್ಚಿ ತೋರಿಸಿದ: "ನೋಡ್ರಿ ಮಿಸ್ತ್ರಿ, ಕಡಕ್ ಇಪ್ಪತ್ತೆರಡೂವರಿ."

"ನೋಡಿದ್ಯಾ?" ಅಂದ ಗಯಾಸ, ಯಾರಿಗೋ. ಬಾಲರಾಜಗ ತಿಳೀಲಿಲ್ಲ. ಗಯಾಸನ ಎದಿ ಉಬ್ಬಿತ್ತು. ಕಳ್ಳ ಹೋದ, ಕಂಬ ಸರಿ ಹೋಗತದ. ಆದ್ರೂ ಪೊಲೀಸಗ ಸಮಾಧಾನ ಎಲ್ಲಿಂದ? ಹೊಸಾ ಕೀಲಿ ತಂದು ಹಾಕಿದ. ಒಂದೇ ಚಾವಿ, ಅದನ್ನ ಬನಿಯನ್ ಕಿಸೆದಾಗ ಇಟ್ಟ. ಬಾಗಲದ ಸಂದ್ಯಾಗ ಒಂದು ಚೂರು ಕಾಗದ ಸಿಗಿಸಿದ. ಯಾರಾದ್ರೂ ತಗದ್ರ ಬೀಳಬೇಕು.

ಮುಂಜಾನಿ ನಮಾಜ್ ಮುಗಿಸಿ ಬಂದು ನೋಡಿದ್ರ ಕಾಗದ ಹಂಗೇ ಇತ್ತು. ಖುಷಿ ಆಗಿ ಬಾಗಲ ತಗದ. ಕಸ ಹೊಡದ, ಹಲಗಿ ಎತ್ತಿದ, ರಂದಾ ಎಳದ, ಲೋಬಾನ ಹಾಕಿದ. ಮ್ಯಾಲಿನ ಮನ್ಯಾಗ ಸಪ್ಪಳ ಇರಲಿಲ್ಲ. ಚಾ ಅರ್ಧಕ್ಕ ಬಿಟ್ಟ. ಹತ್ತು ಗಂಟೆಕ ಬಾಲರಾಜ ಬಂದ, ಇಬ್ರೂ ಕೂಡಿ ಹಲಗಿ ನಿಂದರಿಸಿ ಪಟ್ಟಾ ಬಿಗದ್ರು.

ಎಂಟನೇ ಸಂದು ಬಾಯಿ ತಗದು ನಿಂತಿತು. ಹೆಬ್ಬೆರಳು ಹೋಗೋವಷ್ಟು.

ಬಾಲರಾಜ ತೆಲಿ ಕೆರಕೊಂಡ. ಗಯಾಸ ಅವನ್ನ ಗುರಾಯಿಸಿ ನೋಡಿದ. ಇವನೂ ಅವರ ಮನಷ್ಯಾನೇನು? ಆದ್ರ ಇಪ್ಪತ್ತೆರಡೂವರಿ ತಾನೇ ಕಣ್ಣಾರೆ ನೋಡ್ಯಾನ. ಬಾಗಲ? ಕಾಗದ ಬಿದ್ದಿಲ್ಲ. ಚಾವಿ? ಎದಿಮ್ಯಾಲ ಅದ. ಕಟಗಿ ಹಸೀ ಅಂತೀಯಾ, ಇಪ್ಪತ್ತು ವರ್ಷದ ಒಣಾ ಸಾಗವಾನಿ. ಏಜಾಜ? ಅವ ಇಪ್ಪತ್ತು ಮೈಲಿ ಆಚಿ ಕಡಿ ಕುಂತಾನ. ಗಯಾಸ ಒಬ್ಬೊಬ್ಬನ್ನ ಹಿಡದು ನಿಂದರಿಸಿ ವಿಚಾರಣಿ ಮಾಡಿದ, ಒಬ್ಬೊಬ್ಬನ್ನ ಬಿಟ್ಟ. ಕಡೀಕ ಅಂಗಡ್ಯಾಗ ಯಾರೂ ಉಳೀಲಿಲ್ಲ.

ಬಾಲರಾಜನ್ನ ಮನಿಗೆ ಕಳಿಸಿದ. ತಾನೇ ಮೀಟರ್ ತಗೊಂಡು ಅಂಚಿಗೆ ಹಚ್ಚಿದ. ಇಪ್ಪತ್ತೆರಡು. ನಿನ್ನಿ ಸಂಜಿಕ ಇಪ್ಪತ್ತೆರಡೂವರಿ, ಇವತ್ತ ಮುಂಜಾನಿ ಇಪ್ಪತ್ತೆರಡು. ಸಂ, ಮು. ಜೈತುನಬೀ ಅಂದಂಗೇ ಅದ. ಸಂಜಿ ಮತ್ತ ಮುಂಜಾನಿ ನಡುವ ಹಲಗಿ ಹತ್ರ ಯಾರು ಬಂದ್ರು? ಯಾರು ಬಂದ್ರು ಅಂತೀನಿ!

ಲೋಬಾನದಾನಿಯೊಳಗ ಅರ್ಧ ಸುಟ್ಟ ಸುರಳಿ ಹೊಟ್ಟು ಹೊಗಿಯಾಡತಿತ್ತು. ಗಯಾಸ ಅದನ್ನ ನೋಡಿದ. ಬೆರಳು ಸುಡೋ ಹಂಗೇ ಒಂದು ಸುರಳಿ ಎತ್ತಿಕೊಂಡ. ಒಂದು ಕಡಿ ದಪ್ಪ, ಒಂದು ಕಡಿ ಕಾಣದಷ್ಟು ತೆಳ್ಳಗ.

ಯಾ ಅಲ್ಲಾ!

ಮೂವತ್ತೈದು ವರ್ಷ ಮೂಲಿ ನೋಡೋ ಗುನ್ಯಾ ಹಚ್ಚಿ ನೆಟ್ಟನ ಅಂಚು ಮಾಡಿದ ಕೈ ಅದು. ಓರೆ ಅಂಚು ಕಂಡ್ರ ಕೇಳದೇ ಕೇಳದೇ ನೆಟ್ಟಗ ಮಾಡಾಕ ಹೋಗತದ. ಒಂದೇ ರಂದಾ, ಅರ್ಧ ಡಿಗ್ರಿ. ನೀನು ಹಲಗಿ ಮುಟ್ಟೀ ಏನು ಅಂತ ಯಾರಾದ್ರೂ ಕೇಳಿದ್ರ ಖುರಾನ್ ಮ್ಯಾಲ ಕೈ ಇಟ್ಟು ಇಲ್ಲ ಅಂತಿದ್ದ. ದಿನಾ ಮುಂಜಾನಿ ಎಳಿಯೋ ಆ ರಂದಾ ಅವನ ಲೆಕ್ಕದಾಗ ಕೆಲಸಾನೇ ಅಲ್ಲ, ಮಾರಿ ತೊಳಕೊಂಡಂಗ. ಮಿಲ್ಲಿನ ಒರಟು ಕಟಗಿಗೆ ಯಂಕಣ್ಣ ಹಾಕಿಕೊಟ್ಟ ಪದ್ಧತಿಯನ್ನ ಇವ ಮಷೀನ್ ಕೊಯ್ದ ಅಂಚಿನ ಮ್ಯಾಲ ನಡಸತಿದ್ದ.

ಮೂಲ್ಯಾಗ ಏಜಾಜನ ಎಂಟು ಹಲಗಿ ಬಿದ್ದಿದ್ವು. ಎತ್ತಿ ತಂದ. ಇಪ್ಪತ್ಮೂರು ಡಿಗ್ರಿ. ಬಿಸ್ಮಿಲ್ಲಾ ಅಂದು ಒಂದೊಂದು ಅಂಚಿಗೆ ದಿನಾ ಎಳದಂಗ ಒಂದೊಂದು ರಂದಾ ಎಳದ. ಹದಿನಾರು ಸಲ. ರಟ್ಟಿ ನೋಯಾಕತ್ತಿತು, ಬಿಡಲಿಲ್ಲ. ಒಬ್ಬನೇ ಹಲಗಿ ನಿಂದರಿಸಿ, ಹಗ್ಗ ಸುತ್ತಿ, ಪಟ್ಟಾ ಬಿಗದ.

ಎಂಟೂ ಸಂದು ಮುಚ್ಚಿದ್ವು. ಬ್ಲೇಡಿನ ತುದಿ ತುರುಕಿ ನೋಡಿದ, ಹೋಗಲಿಲ್ಲ.

ಗಯಾಸ ಕಂಬ ಹಿಡಕೊಂಡು ನೆಲದ ಮ್ಯಾಲ ಕುಂತ. ಅಳಿಯ ಇವನ ಕೈ ಎಷ್ಟು ತಪ್ಪತದ ಅಂತ ಅಳದಿದ್ದ. ಅಳದು, ಆ ತಪ್ಪಿಗೆ ಸರಿಯಾಗಿ ಜಾಗಾ ಬಿಟ್ಟು ಕೊಯ್ದಿದ್ದ. ಆ ಜಾಗಾದ ಹೆಸರೇ ಆ ಮೈಕಾ ಪಟ್ಟಿ. ಗಂಡಸು ಗೊಳೋ ಅಂತ ಅತ್ತ.

ಐತವಾರ ಯಾದಗಿರಿ ಬಸ್ ಹತ್ತಿದ. ಭೀಮಾ ಸೇತುವಿ ಬರೋತನಕ ಹೇಳೋ ಮಾತು ಹತ್ತು ಸಲ ಬಾಯಿಪಾಠ ಮಾಡಿದ, ಸೇತುವಿ ದಾಟಿದ ಮ್ಯಾಲ ಎಲ್ಲಾ ಮರತ. ಸ್ಟೇಷನ್ ಹತ್ರ ಒಂದು ಸಂದಿಯೊಳಗ ಒಂದೇ ಖೋಲಿ ಮನಿ. ನುಜ್ಹತ ಬಾಗಲ ತಗದ್ಲು. "ಬರ್ರಿ," ಅಂದ್ಲು. ಅಬ್ಬಾ ಅನ್ನಲಿಲ್ಲ. ಏಜಾಜ ಎದ್ದು ನಿಂತು ಸಲಾಂ ಮಾಡಿ, ತಾನೇ ನೀರು ತಂದು ಕೊಟ್ಟ.

"ಕಂಬ ಕೂತಿತು," ಅಂದ ಗಯಾಸ. "ನೀವು ಕೊಯ್ದದ್ದು. ಬಾಲರಾಜ ಅನ್ನಾಂವನ ಕಡಿಂದ ಕೊಯ್ಸಿದ್ದೂ ಕೂಡಲಿಲ್ಲ, ನಿಮ್ಮದರಾಗ ಬ್ಲೇಡ್ ಸೈತ ಹೋಗಲಿಲ್ಲ."

ಏಜಾಜನ ಮಾರಿ ಅರಳಿತು. "ಖರೇನ್ರಿ? ಒಂದ ಮಿಲಿಮೀಟರ್ ಪಟ್ಟಿ ಸಾಕಾಗತದ ಅಂತ ವಿಶ್ವರಾಧ್ಯ ಅಣ್ಣಾರೇ ಫೋನಿನ್ಯಾಗ ಹೇಳಿದ್ರು. ನನಗ ಅಂಜಿಕಿ ಇತ್ತು."

"ನಿಮಗ ಹ್ಯಾಂಗ ಗೊತ್ತಾತು?"

"ಒಂದಿನ ಮುಂಜಾನಿ ಲಗೂ ಬಂದಿದ್ದೆ. ನೀವು ರಂದಾ ಎಳಿಯಾಕತ್ತಿದ್ರಿ. ಬಾಗಲದಾಗಿಂದ ನೋಡಿ ವಾಪಸ್ ಹೋದೆ."

"ಹೋಗಿ ಸುಮ್ನ ಕುಂತ್ರಾ? ನನಗ ಒಂದ ಮಾತು ಹೇಳಬಾರದಾಗಿತ್ತಾ?"

ಏಜಾಜ ಹೇಣ್ತಿ ಕಡಿ ನೋಡಿದ. ನುಜ್ಹತ ಗ್ವಾಡಿಗೆ ಆತುಕೊಂಡು ನಿಂತಿದ್ಲು.

"ನಾನೇ ಬ್ಯಾಡ ಅಂದೆ," ಅಂದ್ಲು. "ಮಷೀನ್ ಬಂದ ಮ್ಯಾಲ ನಿಮ್ಮ ಕೈಯಾಗ ಉಳದಿದ್ದು ಅದೊಂದೇ ಕೆಲಸ. ಅದನ್ನೂ ಬಿಡ್ರಿ ಅಂತ ಯಾರು ಹೇಳಬೇಕು? ಆಮ್ಯಾಲ ಆ ದಿನ ಶಾಂತಪ್ಪ ಕಾಕಾ ನಿಂತಿದ್ರು. ನಮ್ಮ ಮಾಮುನ ಕೈ ತಪ್ಪಾಕತ್ತದ ಅಂತ ಗಿರಾಕಿ ಮುಂದ ಹೇಳಬೇಕಿತ್ತೇನು ಇವರು? ನಾಳಿ ತನಕ ಇಡ್ರಿ ಅಂದ್ರು. ಅಷ್ಟ ನಂಬಿದ್ರ ಸಾಕಿತ್ತು."

"ತಪ್ಪಾತು," ಅಂದ ಗಯಾಸ. ಜೀವನದಾಗ ಆ ಮಾತು ಅವ ಎಷ್ಟು ಸಲ ಅಂದಿದ್ದನೋ, ಒಂದು ಕೈ ಬೆರಳು ಸಾಕು ಎಣಿಸಾಕ. "ಏಜಾಜ ಮಿಯಾ, ನನ್ನಿಂದ ಭಾಳ ದೊಡ್ಡ ತಪ್ಪಾತು. ಮಾಫ್ ಮಾಡ್ರಿ."

"ಬಿಡ್ರಿ ಮಾಮು," ಅಂದ ಏಜಾಜ. ಅವನ ಕಣ್ಣೂ ತುಂಬಿದ್ವು. "ನಾ ನಾಳಿನೇ ಬರತೀನಿ. ಶಾಂತಪ್ಪಣ್ಣಾರ ಕಂಬ ಮುಗಿಸಿಬಿಡೋಣು."

ಗಯಾಸಗ ಜೀವ ಬಂದಂಗಾತು. "ಇವತ್ತೇ ನಡೀರಿ. ಮ್ಯಾಲಿನ ಮನಿ ಕಸ ಹೊಡಿಸಿ ಇಟ್ಟೀನಿ. ನಿಮ್ಮವ್ವ ದಾರಿ ನೋಡಾಕತ್ತಾಳ ನುಜ್ಹತ, ಎರಡು ದಿನದಿಂದ ಒಲಿ ಸೈತ ಸರಿಯಾಗಿ ಹಚ್ಚಿಲ್ಲ."

ನುಜ್ಹತ ಹತ್ರ ಬಂದು ಅಪ್ಪನ ಎದರಿಗೆ ಕುಂತ್ಲು. ಸಿಟ್ಟು ಇರಲಿಲ್ಲ ಅಕಿ ಮಾರಿ ಮ್ಯಾಲ.

"ಅಬ್ಬಾ, ಒಂದು ಮಾತು ಕೇಳತೀನಿ. ನಾವು ಬಂದ ಮ್ಯಾಲ ಆ ಬಾಲರಾಜ ಕೊಯ್ದ ಕಂಬ ಸರಿಯಾಗಿ ಕೂತಿದ್ರ, ನೀವು ಇಲ್ಲಿಗೆ ಬರತಿದ್ರಾ?"

ಗಯಾಸ ಬಾಯಿ ತಗದ. ಬರತಿದ್ದೆ ಅನ್ನಬೇಕು ಅಂತ ನಾಲಿಗಿ ತುದಿಗೆ ಬಂತು. ಮಗಳು ನೋಡಾಕತ್ತಿದ್ಲು, ತನ್ನವೇ ಕಣ್ಣು ಅವು, ಒಂದು ಸ್ಕ್ರೂ ಹೆಚ್ಚು ಕಡಿಮಿ ಆದ್ರ ಹಿಡಿಯೋ ಕಣ್ಣು.

"ಇಲ್ಲವ್ವಾ," ಅಂದ.

ಅಕಿ ತೆಲಿ ಹಾಕಿದ್ಲು. "ಗೊತ್ತಿತ್ತು," ಅಂದ್ಲು. ಎದ್ದು, "ಇವರು ದಿನಾ ಮುಂಜಾನಿ ಬಸ್ಸಿಗೆ ಬರತಾರ, ಸಂಜಿ ಬಸ್ಸಿಗೆ ವಾಪಸ್ ಬರತಾರ. ನಾ ಇಲ್ಲೇ ಇರತೀನಿ. ಕೈ ತೊಳಕೋರಿ, ಊಟಕ್ಕ ಹಾಕತೀನಿ," ಅಂದ್ಲು.

ಹಾಕಿದ್ಲು, ಉಣಿಸಿದ್ಲು, ಇನ್ನೊಂದು ರೊಟ್ಟಿ ಹಾಕಲ್ಯಾ ಅಂತ ಬಂದ ಮಂದಿಗೆ ಕೇಳಿದಂಗ ಕೇಳಿದ್ಲು. ಗಯಾಸ ಸಾಕು ಅಂದ. ಐದೂವರಿ ಬಸ್ಸಿಗೆ ಶಹಾಪುರಕ್ಕ ವಾಪಸ್ ಬಂದ.

ಜೈತುನಬೀ ಬಾಗಲದಾಗೇ ನಿಂತಿದ್ಲು. ಅವನ ಬೆನ್ನ ಹಿಂದ ನೋಡಿದ್ಲು, ರಸ್ತಾದ ತುದಿ ತನಕ ನೋಡಿದ್ಲು. ಮಾತು ಬಿಟ್ಟಾಕಿ ಬಾಯಿ ಬಿಟ್ಲು: "ಎಲ್ಲಿ ಅಕಿ? ಮತ್ತೇನಂದ್ರಿ ಅಕಿಗೆ?"

"ಅಕಿ ಒಂದು ಮಾತು ಕೇಳಿದ್ಲು," ಅಂದ ಗಯಾಸ ಚಪ್ಪಲ್ ಬಿಡಕೊಂತ. "ನಾ ಖರೆ ಹೇಳಿದೆ."